ಉಮ್ಮನ ಕಾಯಿಲೆಗೆ ಹೆಸರಿದೆ ಎಂದು ತಿಳಿದ ದಿನ

ಉಮ್ಮನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಬರೆದದ್ದನ್ನು ಮೊದಲು ಓದಿದವರೂ ಅವರೇ. ಎರಡು ಸಾಲು ಹೊಡೆದು ಹಾಕಿದ್ದಾರೆ.

ನನ್ನ ಉಮ್ಮನಿಗೆ ಬೈಪೋಲಾರ್ ಎಂಬ ಮಾನಸಿಕ ಕಾಯಿಲೆ ಇದೆ. ಇದರಲ್ಲಿ ಮನಸ್ಸು ಕೆಲವು ಕಾಲ ವಿಪರೀತ ಹುರುಪಿನಲ್ಲಿರುತ್ತದೆ, ಕೆಲವು ಕಾಲ ತೀರಾ ಕುಗ್ಗಿಹೋಗುತ್ತದೆ. ನಡುವೆ ಎಷ್ಟೋ ತಿಂಗಳು ಅವರು ಎಲ್ಲರಂತೆಯೇ ಇರುತ್ತಾರೆ. ನಾನು ಎಂಟನೇ ತರಗತಿಗೆ ಬರುವವರೆಗೆ ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಕಣ್ಣಿಗೆ ಕಂಡದ್ದು ಮಾತ್ರ ಗೊತ್ತಿತ್ತು. ಕೆಲವು ವಾರ ಉಮ್ಮ ರಾತ್ರಿ ಎರಡು ಗಂಟೆಗೆ ಎದ್ದು ಕಪಾಟು ಖಾಲಿ ಮಾಡಿ ಮತ್ತೆ ಜೋಡಿಸುತ್ತಿದ್ದರು. ಇನ್ನು ಕೆಲವು ವಾರ ಕೋಣೆಯ ಕಿಟಕಿಯನ್ನೇ ತೆರೆಯುತ್ತಿರಲಿಲ್ಲ. ಕೇಳಿದರೆ ಉಪ್ಪ "ತಲೆನೋವು" ಎನ್ನುತ್ತಿದ್ದರು. ಮಾತ್ರೆ ಗ್ಯಾಸ್ಟ್ರಿಕ್‌ಗೆ ಎಂದಿದ್ದರು. ಮನೆಗೆ ಬಂದ ಸಂಬಂಧಿಕರು ಕಣ್ಣು ತಾಗಿದೆ ಎಂದು ಪಿಸುಗುಟ್ಟುತ್ತಿದ್ದರು.

ಯಾರೂ ಏನೂ ಹೇಳದಿದ್ದರೆ ಮಕ್ಕಳು ತಾವೇ ಒಂದು ಕಾರಣ ಹುಡುಕಿಕೊಳ್ಳುತ್ತಾರೆ. ಹೆಚ್ಚಾಗಿ ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಳ್ಳುತ್ತಾರೆ. ಏಳನೇ ತರಗತಿಯಲ್ಲಿ ನನಗೆ ಗಣಿತದಲ್ಲಿ ತೀರಾ ಕಡಿಮೆ ಅಂಕ ಬಂದಿತ್ತು. ಅದೇ ವಾರ ಉಮ್ಮ ಹಾಸಿಗೆ ಹಿಡಿದರು. ನನ್ನಿಂದಲೇ ಹೀಗಾಯಿತು ಎಂದು ಒಂದು ವರ್ಷ ನಂಬಿದ್ದೆ, ಯಾರಿಗೂ ಹೇಳಲಿಲ್ಲ.

"ಮಕ್ಕಳಿಗೆ ಗೊತ್ತಾ?" ಎಂದು ಉಮ್ಮನ ಡಾಕ್ಟರ್ ಒಮ್ಮೆ ಕೇಳಿದ್ದರಿಂದ ನಮ್ಮ ಮನೆಯಲ್ಲಿ ಮಾತು ಶುರುವಾಯಿತು. ನಾರ್ವೆಯಲ್ಲಿ ರೋಗಿಗೆ ಸಣ್ಣ ಮಕ್ಕಳಿದ್ದಾರೆಯೇ ಎಂದು ಆಸ್ಪತ್ರೆಯವರು ವಿಚಾರಿಸಿ, ಆ ಮಕ್ಕಳಿಗೂ ಮಾಹಿತಿ ಸಿಗುವಂತೆ ನೋಡಿಕೊಳ್ಳಬೇಕು ಎಂದು 2010ರಿಂದ ಕಾನೂನೇ ಇದೆ. ನಮ್ಮಲ್ಲಿ ಅದು ಡಾಕ್ಟರರ ಒಳ್ಳೆಯ ಮನಸ್ಸಿಗೆ ಬಿಟ್ಟದ್ದು.

ಉಮ್ಮ ಹೇಳಿದ್ದು ಚೆನ್ನಾಗಿದ್ದ ಒಂದು ಮಧ್ಯಾಹ್ನ, ಬೆಳ್ಳುಳ್ಳಿ ಸುಲಿಯುತ್ತಾ. "ನನಗೊಂದು ಕಾಯಿಲೆ ಇದೆ, ಹೆಸರು ಬೈಪೋಲಾರ್. ಅದು ನಿನ್ನಿಂದ ಬಂದದ್ದಲ್ಲ. ನೀನು ಸರಿ ಮಾಡ್ಬೇಕಾದ್ದೂ ಇಲ್ಲ, ಅದಕ್ಕೆ ಡಾಕ್ಟರ್ ಇದ್ದಾರೆ." ಅಷ್ಟೇ. ನಾನು ಗಣಿತದ ಅಂಕದ ವಿಷಯ ಹೇಳಿ ಅತ್ತೆ. ಆಗ ಒಂದನೇ ತರಗತಿಯಲ್ಲಿದ್ದ ತಮ್ಮನಿಗೆ ಇನ್ನೂ ಸಣ್ಣ ಮಾತು: "ಉಮ್ಮನ ಮನಸ್ಸಿಗೆ ಹುಷಾರಿಲ್ಲ, ನಿನ್ನ ಮೇಲೆ ಕೋಪ ಅಲ್ಲ." ಅವನು ಸರಿ ಎಂದು ಆಡಲು ಹೋದ. ಒಂದು ವಾರದ ನಂತರ ಮತ್ತೆ ಬಂದು ಅದನ್ನೇ ಕೇಳಿದ. ಒಂದೇ ಸಲ ಹೇಳಿ ಮುಗಿಸುವ ಮಾತಲ್ಲ ಇದು.

"ನನಗೂ ಬರ್ತದಾ?" ಎಂದು ನಾನು ಕೇಳಿದ್ದು ಎಷ್ಟೋ ತಿಂಗಳ ಮೇಲೆ. ಉಮ್ಮ ಸುಳ್ಳು ಹೇಳಲಿಲ್ಲ. ಬೇರೆಯವರಿಗಿಂತ ಸಾಧ್ಯತೆ ಹೆಚ್ಚು, ಆದರೆ ಇಂಥ ತಂದೆತಾಯಿಯ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ ಎಂದರು. ಅದು ನಿಜ. ಮಾತ್ರೆ ಗ್ಯಾಸ್ಟ್ರಿಕ್‌ನದ್ದಲ್ಲ, ಲಿಥಿಯಂ ಎಂದೂ ಈಗ ಗೊತ್ತು. ನಾವು ರಸಾಯನಶಾಸ್ತ್ರದಲ್ಲಿ ಓದುವ, ಪರಮಾಣು ಸಂಖ್ಯೆ 3ರ ಅದೇ ಲಿಥಿಯಂ! ಇದರ ಲವಣ ಈ ಕಾಯಿಲೆಗೆ ಉಪಯೋಗ ಎಂದು 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ವರದಿ ಮಾಡಿದರು. ರಕ್ತದಲ್ಲಿ ಅದರ ಪ್ರಮಾಣ ಕಡಿಮೆಯಾದರೆ ಫಲವಿಲ್ಲ, ಹೆಚ್ಚಾದರೆ ವಿಷ. ಹಾಗಾಗಿ ಆಗಾಗ ರಕ್ತಪರೀಕ್ಷೆ ಮಾಡಿಸಬೇಕು.

ಒಂದು ತಪ್ಪೂ ಆಯಿತು. ಒಂದು ರಾತ್ರಿ ಉಮ್ಮ ಮದ್ದಿನ ಖರ್ಚು, ಉಪ್ಪನ ಜೊತೆಗಿನ ಜಗಳ, ಎಲ್ಲವನ್ನೂ ನನ್ನ ಮುಂದೆ ಹೇಳಿಕೊಂಡರು. ನನಗೆ ನಿದ್ದೆ ಬರಲಿಲ್ಲ. ಕಾಯಿಲೆಯನ್ನು ವಿವರಿಸುವುದು ಬೇರೆ, ಮಗಳನ್ನು ಗೆಳತಿಯ ಜಾಗದಲ್ಲಿ ಕೂರಿಸುವುದು ಬೇರೆ. ಅದನ್ನು ಅವರಿಗೆ ಹೇಳಿದೆ, ಒಪ್ಪಿಕೊಂಡರು. ಈಗ ಅಂಥ ಮಾತು ಚಿಕ್ಕಮ್ಮನ ಹತ್ತಿರ.

ಫ್ರಿಡ್ಜ್ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ. ಉಮ್ಮ ಮೂರು ರಾತ್ರಿ ನಿದ್ದೆ ಮಾಡದಿದ್ದರೆ ಯಾರಿಗೆ ಫೋನ್ ಮಾಡಬೇಕು, ತಮ್ಮನನ್ನು ಶಾಲೆಯಿಂದ ಯಾರು ಕರೆತರಬೇಕು ಎಂದು ಅದರಲ್ಲಿದೆ. ಬರೆದದ್ದು ಉಮ್ಮನೇ. ಕೊನೆಯಲ್ಲಿ 14416 ಎಂಬ ನಂಬರ್ ಇದೆ. ಅದು ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್, ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ನಾನು ಒಮ್ಮೆ ಕರೆ ಮಾಡಿದ್ದೇನೆ, ಉಮ್ಮನಿಗಾಗಿ ಅಲ್ಲ, ನನಗಾಗಿ.