ಆಟದ ಸರ್ವರಿನ ಮಾಂದ್ಯ

ಸ್ವೀಡನ್ನಿನಲ್ಲಿ ರೂಪುಗೊಂಡು 2011ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ಮೈನ್‌ಕ್ರಾಫ್ಟ್ ಆಟದಲ್ಲಿ, ಆಟಗಾರರೆಲ್ಲರಿಗೂ ಸಮಾನವಾದ ಲೋಕವೊಂದನ್ನು ಸರ್ವರು ನಡೆಸುತ್ತದೆ. ಆ ಲೋಕದ ಆಗುಹೋಗುಗಳನ್ನು ಅದು ಸೆಕೆಂಡಿಗೆ 20 ಬಾರಿ ಲೆಕ್ಕಹಾಕತಕ್ಕದ್ದು. ಒಂದೊಂದು ಬಾರಿಗೆ ದೊರೆಯುವ ಅವಧಿ 50 ಮಿಲಿಸೆಕೆಂಡು. ಅದು 100 ಆಯಿತೆಂದರೆ ಆಟದ ಗತಿ ಅರ್ಧಕ್ಕಿಳಿಯುತ್ತದೆ.

ವಿಂಡೋಸನ್ನು ತೊರೆದು ಅದೇ ಯಂತ್ರದಲ್ಲಿ ಲಿನಕ್ಸನ್ನು ಅಳವಡಿಸಿದ ಬಳಿಕ ಹೀಗಾದರೆ, ಸಾಮಾನ್ಯವಾಗಿ ಮೊದಲ ದೂರು ಮೆಮರಿಯ ಮೇಲೆ. ಲಿನಕ್ಸು ಬಿಡುವಿರುವ ಮೆಮರಿಯಲ್ಲಿ ಕಡತಗಳನ್ನು ಇರಿಸಿಕೊಳ್ಳುವುದರಿಂದ ಅದು ಬರಿದಾದಂತೆ ತೋರುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಈ ತೋರಿಕೆಯನ್ನು ನಂಬಿ ಹೊಸ ಮೆಮರಿ ಕೊಂಡರೆ ಹಣ ವ್ಯರ್ಥ.

ಪ್ರೊಸೆಸರಿನ ಅಂಕಿಯಂತೂ ಇನ್ನಷ್ಟು ಮೋಸಗೊಳಿಸುವಂಥದು. ಆಟದ ಮುಖ್ಯ ಲೆಕ್ಕವು ಬಹುಮಟ್ಟಿಗೆ ಒಂದೇ ಕೋರಿನ ಮೇಲೆ ಬೀಳುತ್ತದೆ. ಎಂಟರಲ್ಲಿ ಅದೊಂದೇ ಬಿಡುವಿಲ್ಲದೆ ದುಡಿದರೂ ಒಟ್ಟು ಬಳಕೆ ಶೇಕಡಾ 12.5 ಮಾತ್ರ. ಉಳಿದ ಏಳರ ವಿಶ್ರಾಂತಿಯನ್ನು ಕಂಡು ಯಂತ್ರಕ್ಕೆ ಆಯಾಸವಿಲ್ಲವೆಂದು ಭಾವಿಸುವುದು ಸಹಜವಾದ ಪ್ರಮಾದವೇ. ಪರೀಕ್ಷಿಸತಕ್ಕದ್ದು ಆ ಒಂದು ಕೋರಿನ ವೇಗವನ್ನು. ಲಿನಕ್ಸಿನಲ್ಲಿ ವೇಗವನ್ನು ನಿಯಂತ್ರಿಸುವ ‘ಗವರ್ನರ್’ ವ್ಯವಸ್ಥೆಯು ವಿದ್ಯುತ್ ಉಳಿತಾಯದ ‘ಪವರ್‌ಸೇವ್’ ಸ್ಥಿತಿಯಲ್ಲಿದ್ದರೆ, ಕೆಲವು ಯಂತ್ರಗಳಲ್ಲಿ ಕೋರು ಕನಿಷ್ಠ ವೇಗದಲ್ಲಿಯೇ ನಿಂತುಬಿಡುತ್ತದೆ. ಅದನ್ನು ‘ಪರ್ಫಾರ್ಮೆನ್ಸ್’ಗೆ ಬದಲಿಸಿ, ಅಷ್ಟೇ ಆಟಗಾರರಿರುವಾಗ ಮಿಲಿಸೆಕೆಂಡುಗಳನ್ನು ಮತ್ತೆ ಅಳೆಯಬೇಕು. ಇಳಿಯದಿದ್ದರೆ ಮುಂದಿನ ಶೋಧ ಡಿಸ್ಕಿನ ಕಡೆಗೆ.