ಮಾನಿಟರ್ ಕೊಳ್ಳುವಾಗ ಒತ್ತಕ್ಷರ ನೋಡ್ರಿ

ಡಾಬಕಾದ ನಮ್ಮ ಮನೆಯಲ್ಲಿ ಕಂಪ್ಯೂಟರಿಗೆ ಮುಖ್ಯ ಕೆಲಸ ಎರಡು: ಪಹಣಿ ನೋಡುವುದು, ಪೇಟೆ ಧಾರಣೆ ತಿಳಿಯುವುದು. ಪಹಣಿಯಲ್ಲಿ ಹಿಸ್ಸಾ ನಂಬರು, ಗುಂಟೆ ಲೆಕ್ಕ ಸ್ಪಷ್ಟ ಕಾಣದಿದ್ದರೆ ಪರದೆ ದೊಡ್ಡದಿದ್ದು ಏನು ಬಂತು?

ಅಂಗಡಿಯವರು ಇಂಚು ಹೇಳ್ತಾರೆ. ಅದು ಮೂಲೆಯಿಂದ ಮೂಲೆಗೆ ಹಿಡಿದ ಅಳತೆ. ನಾವು ಕೇಳಬೇಕಾದ್ದು ಚುಕ್ಕೆಗಳ ಲೆಕ್ಕ. ಪರದೆಯ ಮೇಲಿನ ಅಕ್ಷರವೆಲ್ಲ ಸಣ್ಣ ಚುಕ್ಕೆಗಳಿಂದಲೇ ಆಗುವುದು. 22 ಇಂಚಿನ ಪರದೆಯಲ್ಲಿ ಅಡ್ಡ 1920, ಉದ್ದ 1080 ಚುಕ್ಕೆ ಇದ್ದರೆ ಇಂಚಿಗೆ ಸುಮಾರು 100 ಬೀಳುತ್ತವೆ. ‘ಟಿವಿನೇ ಹಚ್ಚಿದರಾಯ್ತು’ ಅನ್ನುವವರಿದ್ದಾರೆ. 1366, 768 ಚುಕ್ಕೆಯ 32 ಇಂಚಿನ ಟಿವಿಯಲ್ಲಿ ಇಂಚಿಗೆ ಬರೀ 49. ತೊಗರಿ ಸಾಲಿನ ಹಾಗೆ ದೂರ ದೂರ! ಹತ್ತಿರ ಕೂತು ಓದಿದರೆ ‘ಷ್ಟ್ರ’, ‘ಕ್ಷ್ಮ’ ಕಲಸಿಹೋಗುತ್ತವೆ.

ಐಪಿಎಸ್ ಪರದೆಯಾದರೆ ಪಕ್ಕದಲ್ಲಿ ಕೂತವರಿಗೂ ಬಣ್ಣ ಸರಿಯಾಗಿ ಕಾಣುತ್ತದೆ. ಹೆಸರು, ಉದ್ದಿನ ಎಲೆಗೆ ಬಂದ ಹಳದಿ ರೋಗದ ಫೋಟೋ ನಾಲ್ಕು ಜನ ಸೇರಿ ನೋಡುವಾಗ ಇದು ಬೇಕು. ಬಾಗಿದ ಪರದೆ, 144 ಹರ್ಟ್ಸ್ ಎಲ್ಲಾ ಆಟ ಆಡುವವರಿಗೆ. ನಮಗೆ 60 ಸಾಕು. ಆ ರೊಕ್ಕ ಬೀಜಕ್ಕಾದೀತು.

ಬೀದರ, ಭಾಲ್ಕಿ ಎಲ್ಲೇ ಆಗಲಿ, ಬಳಸಿದ್ದು ಕೊಳ್ಳಲು ಅಡ್ಡಿಯಿಲ್ಲ. ಹಳೇ ಡಬ್ಬಿ ಮಾನಿಟರ್ ಮಾತ್ರ ಬ್ಯಾಡ. ಎಲ್‌ಇಡಿಗಿಂತ ಮೂರು-ನಾಲ್ಕು ಪಟ್ಟು ಕರೆಂಟ್ ತಿನ್ನುತ್ತದೆ, ಇನ್ವರ್ಟರ್ ತಾಳುವುದಿಲ್ಲ. ಅರ್ಧ ತಾಸು ಚಾಲೂ ಇಡಿಸಿ. ಪೂರ್ತಿ ಬಿಳಿ, ಆಮೇಲೆ ಪೂರ್ತಿ ಕರಿ ಪರದೆ ಹಾಕಿಸಿದರೆ ಸತ್ತ ಚುಕ್ಕೆ, ಕಲೆ ಕಾಣ್ತಾವೆ. ಹಿಂದೆ ವಿಜಿಎ ಇದೆಯೋ ಎಚ್‌ಡಿಎಂಐ ಇದೆಯೋ ನೋಡಿ, ನಿಮ್ಮ ಕಂಪ್ಯೂಟರಿಗೆ ಹೊಂದಬೇಕು. ರೊಕ್ಕ ಎಣಿಸುವ ಮೊದಲು ನಿಮ್ಮದೇ ಪಹಣಿ ತೆರೆಸಿ, ಅಲ್ಲೇ ಕೂತು ಓದ್ರಿ.