ಕೂದಲೆಳೆಯಷ್ಟು ಹಿಗ್ಗುವ ಉಕ್ಕು

ಕಬ್ಬು ಕಡಿಯುವ ಕಾಲ ಬಂತೆಂದರೆ ಮುಂಡರಗಿ ತಾಲೂಕಿನ ರಸ್ತೆಗಳ ಮೇಲೆ ಟ್ರ್ಯಾಕ್ಟರ್‌ಗಳದ್ದೇ ಓಡಾಟ. ತುಂಗಭದ್ರೆಯ ದಂಡೆಯ ಊರುಗಳಿಂದ ಗಂಗಾಪುರದ ಸಕ್ಕರೆ ಕಾರ್ಖಾನೆಗೆ ಒಂದು ಎಂಜಿನ್ನಿನ ಹಿಂದೆ ಎರಡೆರಡು ಟ್ರೇಲರ್ ಸಾಗುತ್ತವೆ. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯಿಂದ ಗದಗಿನ ಎಪಿಎಂಸಿಗೆ ಶೇಂಗಾ, ಹೆಸರು, ಉಳ್ಳಾಗಡ್ಡಿ ಬರುತ್ತವೆ. ಟನ್‌ಗಟ್ಟಲೆ ಭಾರ ಹೊತ್ತು ಉರುಳುವ ಪ್ರತಿ ಗಾಲಿಯನ್ನೂ ಹಿಡಿದು ನಿಲ್ಲಿಸಿರುವುದು ಆರೋ ಎಂಟೋ ನಟ್ಟುಗಳು. ಅವುಗಳ ಬಗ್ಗೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿರುವ ನಂಬಿಕೆ ಒಂದೇ: ಎಷ್ಟು ಬಿಗಿದರೆ ಅಷ್ಟು ಒಳ್ಳೆಯದು. ಅದಕ್ಕೇ ಪಾನಾಕ್ಕೆ ಪೈಪು ತೂರಿಸಿ, ಸಾಲದಿದ್ದರೆ ಅದರ ಮೇಲೆ ಹತ್ತಿ ನಿಂತು ಒದೆಯುತ್ತೇವೆ. ಈ ನಂಬಿಕೆ ಅಪಾಯದ್ದು. ಯಾಕೆ ಎಂದು ತಿಳಿಯಬೇಕಾದರೆ ಬಿಗಿದ ಬೋಲ್ಟಿನೊಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಗಾಡಿಯ ಭಾರವೆಲ್ಲ ಬೋಲ್ಟುಗಳ ಮೇಲೆ ಕೂತಿದೆ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಸರಿಯಾಗಿ ಬಿಗಿದ ಗಾಲಿಯಲ್ಲಿ ಹಾಗಾಗುವುದಿಲ್ಲ. ನಟ್ಟು ಗಾಲಿಯ ತಟ್ಟೆಯನ್ನು ಅಚ್ಚಿನ ತುದಿಯ ಹಬ್ಬಿಗೆ (ಹಬ್) ಅದುಮಿ ಹಿಡಿಯುತ್ತದೆ. ಆ ಎರಡು ಮುಖಗಳ ನಡುವಿನ ಘರ್ಷಣೆಯೇ ಭಾರವನ್ನು ಹೊರುತ್ತದೆ. ಬೋಲ್ಟಿನ ಕೆಲಸ ಅದುಮುವುದಷ್ಟೇ. ಆ ಅದುಮು ಬಲ ಬರುವುದು ಉಕ್ಕಿನ ಹಿಗ್ಗುವಿಕೆಯಿಂದ. ನಟ್ಟು ತಿರುಗಿದಂತೆ ಬೋಲ್ಟು ಉದ್ದಕ್ಕೆ ಎಳೆದುಕೊಳ್ಳುತ್ತದೆ, ಮರಳಿ ಮೊದಲಿನ ಉದ್ದಕ್ಕೆ ಬರಲು ತವಕಿಸುತ್ತದೆ, ಆ ತವಕವೇ ಗಾಲಿಯನ್ನು ಕಚ್ಚಿ ಹಿಡಿಯುತ್ತದೆ.

ನಮ್ಮ ಕಮ್ಮಾರರಿಗೆ ಇದು ಹೊಸ ವಿದ್ಯೆಯಲ್ಲ. ಚಕ್ಕಡಿಯ ಗಾಲಿಗೆ ಹಳಿ ಹಾಕುವಾಗ ಕಬ್ಬಿಣದ ಪಟ್ಟಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿ ಮಾಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಕೂರಿಸಿ ನೀರು ಸುರಿಯುತ್ತಾರೆ. ತಣಿದ ಪಟ್ಟಿ ಪೂರ್ತಿ ಕುಗ್ಗಲಾಗದೆ, ಎಳೆದುಕೊಂಡ ಸ್ಥಿತಿಯಲ್ಲೇ ಉಳಿದು, ಕಟ್ಟಿಗೆಯನ್ನು ಒಳಕ್ಕೆ ಒತ್ತುತ್ತಲೇ ಇರುತ್ತದೆ. ಹಳಿಯನ್ನು ಬೆಂಕಿ ಹಿಗ್ಗಿಸಿದರೆ ಬೋಲ್ಟನ್ನು ಪಾನಾ ಹಿಗ್ಗಿಸುತ್ತದೆ. ಉಳಿದದ್ದೆಲ್ಲ ಒಂದೇ ಲೆಕ್ಕ.

ಎಷ್ಟು ಹಿಗ್ಗುತ್ತದೆ? ಕಾರಿನ ಗಾಲಿಯ 12 ಮಿಲಿಮೀಟರ್ ದಪ್ಪದ ಬೋಲ್ಟನ್ನೇ ತೆಗೆದುಕೊಳ್ಳೋಣ. ಅದನ್ನು ಸಾಮಾನ್ಯವಾಗಿ ಸುಮಾರು 100 ನ್ಯೂಟನ್ ಮೀಟರ್ ಟಾರ್ಕ್‌ಗೆ ಬಿಗಿಯುತ್ತಾರೆ. ಅಂದರೆ ಒಂದು ಮೀಟರ್ ಉದ್ದದ ಪಾನಾದ ತುದಿಗೆ 10 ಕಿಲೋ ತೂಕ ನೇತುಹಾಕಿದಷ್ಟು ತಿರುಗಿಸುವ ಬಲ. ಅಷ್ಟಕ್ಕೇ ಬೋಲ್ಟಿನಲ್ಲಿ ಸುಮಾರು 4 ಟನ್ ಎಳೆತ ಹುಟ್ಟುತ್ತದೆ. ನಾಲ್ಕು ನಟ್ಟಿದ್ದರೆ ಗಾಲಿಯನ್ನು ಹಬ್ಬಿಗೆ ಅದುಮುತ್ತಿರುವುದು 16 ಟನ್! ಇಷ್ಟೆಲ್ಲ ಆದರೂ ಆ ಬೋಲ್ಟು ಉದ್ದವಾಗಿರುವುದು ಮಿಲಿಮೀಟರಿನ ನೂರರಲ್ಲಿ ಆರು ಪಾಲು, ಅಂದರೆ ಒಂದು ತಲೆಗೂದಲ ದಪ್ಪದಷ್ಟು. ಟ್ರೇಲರಿನ ದಪ್ಪ ಬೋಲ್ಟುಗಳಿಗೆ ಟಾರ್ಕ್ ಇದರ ಎರಡು ಮೂರು ಪಟ್ಟು ಬೇಕಾಗುತ್ತದೆ, ಆದರೆ ಅಲ್ಲಿಯೂ ಹಿಗ್ಗು ಕೂದಲ ಲೆಕ್ಕದ್ದೇ. ಈ ಬರಹದಿಂದ ಒಂದೇ ಮಾತು ನೆನಪಿಡುವುದಿದ್ದರೆ ಇದನ್ನು ನೆನಪಿಡಿ.

ಯಾಕೆಂದರೆ ಕೂದಲಷ್ಟು ಹಿಗ್ಗನ್ನು ಕಳೆದುಕೊಳ್ಳಲು ಕೂದಲಷ್ಟು ಮಣ್ಣು ಸಾಕು. ಹೊಲದ ಬದುವಿನ ಹತ್ತಿರ ಪಂಕ್ಚರ್ ಆದ ಟ್ರೇಲರಿನ ಗಾಲಿ ಬದಲಿಸುವಾಗ ಬಿಚ್ಚಿದ ಗಾಲಿಯನ್ನು ನೆಲಕ್ಕೆ ಮಲಗಿಸುತ್ತೇವೆ. ನೆಲವೋ ಎರೆ. ಹಸಿಯಿದ್ದಾಗ ಉಬ್ಬಿ ಅಂಟಿಕೊಂಡು, ಒಣಗಿದಾಗ ಕುಗ್ಗಿ ಬಿರಿಯುವ ಜೇಡಿ ಅದು. ಹಬ್ಬಿನ ಮುಖಕ್ಕೂ ಗಾಲಿಯ ತಟ್ಟೆಗೂ ನಡುವೆ ಅದರ ಪದರ ಸಿಕ್ಕಿಕೊಂಡರೆ ಬಿಗಿಯುವಾಗ ಎಲ್ಲ ಗಟ್ಟಿಯಾಗಿಯೇ ಕಾಣುತ್ತದೆ. ಗಾಡಿ ಓಡಿದಂತೆ ಮಣ್ಣು ಒಣಗಿ ಪುಡಿಯಾಗಿ ಉದುರುತ್ತದೆ, ಅದು ಬಿಟ್ಟ ಜಾಗದಷ್ಟು ಬೋಲ್ಟು ಕುಗ್ಗುತ್ತದೆ, ಬಿಗಿ ಮಾಯ. ತುಕ್ಕಿನ ಪುಡಿ, ದಪ್ಪಗೆ ಬಳಿದ ಬಣ್ಣ ಮಾಡುವುದೂ ಇದನ್ನೇ. ಹಬ್ಬದ ಹೊತ್ತಿಗೆ ಟ್ರೇಲರಿಗೆ ಬಣ್ಣ ಹೊಡೆಸುವವರು ನಟ್ಟು ಕೂರುವ ಜಾಗ ಮತ್ತು ಹಬ್ಬಿಗೆ ತಾಗುವ ಮುಖವನ್ನು ಖಾಲಿ ಬಿಡಿಸಬೇಕು. ಐದು ನಿಮಿಷ ತಂತಿ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸುವುದು ರಟ್ಟೆಯ ಬಲಕ್ಕಿಂತ ದೊಡ್ಡ ಕೆಲಸ ಎಂದು ನಾನು ಒತ್ತಿ ಹೇಳುತ್ತೇನೆ.

ಒಮ್ಮೆ ಬಿಗಿ ಸಡಿಲಿದರೆ ನಟ್ಟು ತಾನಾಗಿಯೇ ತಿರುಗತೊಡಗುತ್ತದೆ. ಇದು ಹೇಗೆಂದು 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರ್ ಪ್ರಯೋಗದಿಂದ ತೋರಿಸಿದರು. ಬೋಲ್ಟಿನ ಉದ್ದಕ್ಕೆ ಬೀಳುವ ಕುಲುಕಾಟಕ್ಕಿಂತ ಅಡ್ಡಕ್ಕೆ ಬೀಳುವ ಜಾರಾಟ ಹೆಚ್ಚು ಕೇಡು ಮಾಡುತ್ತದೆ. ಬಿಗಿದ ಮುಖಗಳು ಅಡ್ಡಕ್ಕೆ ತುಸು ಜಾರಿದ ಆ ಕ್ಷಣದಲ್ಲಿ ಬೋಲ್ಟಿನ ಮರೆಯ, ಅಂದರೆ ತಿರುಪು ಗೆರೆಗಳ, ಘರ್ಷಣೆ ಸೋಲುತ್ತದೆ, ನಟ್ಟು ಒಂದಿಷ್ಟು ಹಿಂದಕ್ಕೆ ಸರಿಯುತ್ತದೆ. ತುಂಬಿದ ಟ್ರೇಲರ್ ಹೊಲದಿಂದ ರಸ್ತೆಗೆ ಓರೆಯಾಗಿ ಹತ್ತುವಾಗ, ತಗ್ಗಿಗೆ ಇಳಿಯುವಾಗ ಪ್ರತಿ ಗಾಲಿಯಲ್ಲೂ ಈ ಅಡ್ಡ ಬಲ ಬೀಳುತ್ತದೆ. ಟ್ರ್ಯಾಕ್ಟರಿನ ಗಾಲಿ ಅಲುಗಿದರೆ ಸ್ಟೇರಿಂಗಿನಲ್ಲಿ, ಸೀಟಿನಲ್ಲಿ ಗೊತ್ತಾದೀತು. ಹಿಂದಿನ ಟ್ರೇಲರಿನದು ಎಂಜಿನ್ನಿನ ಸದ್ದಿನಲ್ಲಿ ಚಾಲಕನಿಗೆ ತಲುಪುವುದೇ ಇಲ್ಲ.

ಹಾಗಾದರೆ ಹೆಚ್ಚು ಬಿಗಿದರೇನು? 70 ಕಿಲೋ ತೂಕದ ಒಬ್ಬರು 60 ಸೆಂಟಿಮೀಟರ್ ಪಾನಾದ ತುದಿಗೆ ಹತ್ತಿ ನಿಂತರೆ 400 ನ್ಯೂಟನ್ ಮೀಟರ್ ದಾಟುತ್ತದೆ, ಕಾರಿನ ನಟ್ಟಿಗೆ ಬೇಕಾದದ್ದರ ನಾಲ್ಕು ಪಟ್ಟು. ಒಂದು ಮಿತಿಯವರೆಗೆ ಉಕ್ಕು ಎಳೆದ ಬಲಕ್ಕೆ ತಕ್ಕಷ್ಟೇ ಹಿಗ್ಗುತ್ತದೆ, ಬಿಟ್ಟರೆ ಮರಳುತ್ತದೆ. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ಅದು. ಮಿತಿ ದಾಟಿದ ಬೋಲ್ಟು ಜಗ್ಗಿ ಹೋಗುತ್ತದೆ. ನೋಡಲು ನೆಟ್ಟಗೇ ಇರುತ್ತದೆ, ಆದರೆ ಮುಂದಿನ ಸಲ ನಂಬಿಕೆಗೆ ಅರ್ಹವಲ್ಲ. ಮರೆಗೆ ಎಣ್ಣೆ ಹಚ್ಚಿ ಬಿಗಿಯುವುದೂ ಇಲ್ಲಿಗೇ ತಲುಪಿಸುತ್ತದೆ. ಪಾನಾಕ್ಕೆ ಹಾಕಿದ ಬಲದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆಯುತ್ತದೆ, ಉಳಿದದ್ದು ಘರ್ಷಣೆಗೆ ಖರ್ಚು. ಎಣ್ಣೆ ಆ ಖರ್ಚನ್ನು ತಗ್ಗಿಸಿದರೆ ಅದೇ ಟಾರ್ಕ್‌ಗೆ ಎಳೆತ ಬಹಳ ಏರುತ್ತದೆ. ಗಾಡಿಯ ಕೈಪಿಡಿ ಎಣ್ಣೆ ಹಚ್ಚಿ ಎನ್ನದಿದ್ದರೆ ಮರೆ ಒಣಗಿರಲಿ.

ಬಿಚ್ಚುವಾಗ ಮಾತ್ರ ಎಣ್ಣೆಯೇ ಗೆಳೆಯ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಅದಕ್ಕೇ ಮರೆಗಳು ಕಚ್ಚಿಕೊಳ್ಳುತ್ತವೆ. ತೆಳು ಎಣ್ಣೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಅದು ಸಂದುಗಳಿಗೆ ತಾನೇ ಇಳಿಯುತ್ತದೆ. ಎದುರಿನ ಗಾಲಿಗೆ ಕಲ್ಲು ಕೊಟ್ಟು, ಗಾಲಿ ನೆಲದ ಮೇಲಿರುವಾಗಲೇ ಪ್ರತಿ ನಟ್ಟನ್ನೂ ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಪಾನಾ ಒದ್ದರೆ ಗಾಲಿ ತಿರುಗುತ್ತದೆ, ಜಾಕ್ ಹೊರಳುತ್ತದೆ. ಎರೆ ನೆಲದಲ್ಲಿ ಜಾಕಿನ ಕೆಳಗೆ ದಪ್ಪ ಹಲಗೆ ಬೇಕೇ ಬೇಕು. ಹೊಸ ಗಾಲಿ ಏರಿಸಿದ ಮೇಲೆ ಮರೆಯ ಎಣ್ಣೆ ಒರೆಸಿ, ನಟ್ಟುಗಳನ್ನು ಕೈಯಿಂದಲೇ ಹತ್ತಿಸಿ, ಎದುರುಬದುರು ಜೋಡಿಯಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಸಾಲಾಗಿ ಬಿಗಿದರೆ ತಟ್ಟೆ ಓರೆಯಾಗಿ ಕೂತು, ಮೊದಲು ಬಿಗಿದ ನಟ್ಟಿನ ಹಿಗ್ಗನ್ನು ಕೊನೆಯದು ಕಸಿದುಕೊಳ್ಳುತ್ತದೆ. ಗಾಲಿ ನೆಲಕ್ಕೆ ಇಳಿದ ಮೇಲೆ ಕೊನೆಯ ಬಿಗಿತವನ್ನು ಅಳತೆ ತೋರಿಸುವ ಟಾರ್ಕ್ ಪಾನಾದಿಂದಲೇ ಮಾಡುವುದು ಸರಿ. ಊರಿಗೊಂದು, ಸಹಕಾರಿ ಸಂಘಕ್ಕೊಂದು ಇಂಥ ಪಾನಾ ಇರಲಿ ಎಂಬುದು ನನ್ನ ಆಸೆ.

ಅಲ್ಲಿಗೂ ಮುಗಿಯುವುದಿಲ್ಲ. ಓಡಿದಂತೆ ಮುಖಗಳ ಸಣ್ಣ ಉಬ್ಬುಗಳು ಚಪ್ಪಟೆಯಾಗಿ ಹಿಗ್ಗು ತುಸು ಇಳಿಯುತ್ತದೆ. ಅಮೆರಿಕದಲ್ಲಿ ಪ್ರವಾಸಿ ಟ್ರೇಲರ್‌ಗಳ ಗಾಲಿ ಬದಲಿಸಿದವರು 10, 25 ಮತ್ತು 50 ಮೈಲಿಗೆ ನಿಲ್ಲಿಸಿ ಮತ್ತೆ ಬಿಗಿಯಬೇಕೆಂದು ಅಚ್ಚುಗಳ (ಆಕ್ಸಲ್) ಕೈಪಿಡಿ ಹೇಳುತ್ತದೆ. ನಮ್ಮ ದಾರಿಗೆ ಹೊಂದಿಸಿದರೆ, ಗಾಲಿ ಬದಲಿಸಿ ಗದಗ ಬಿಟ್ಟವರು ಡಂಬಳ ಮುಟ್ಟುವ ಮೊದಲು ಒಮ್ಮೆ, ಮುಂಡರಗಿಯಲ್ಲಿ ಒಮ್ಮೆ, ತಿರುಗಿ ಗದಗಿಗೆ ಬಂದಾಗ ಇನ್ನೊಮ್ಮೆ. ಕಪ್ಪತಗುಡ್ಡದ ಸುತ್ತ ನಿಂತಿರುವ ಗಾಳಿಯಂತ್ರಗಳ ಗೋಪುರದ ಬೋಲ್ಟುಗಳನ್ನೂ ಅಳೆದು ಬಿಗಿದು, ಕೆಲ ಕಾಲ ಓಡಿಸಿ, ಮತ್ತೆ ಪರೀಕ್ಷಿಸುತ್ತಾರೆ.

ನಡುವೆ ಕಣ್ಣಿಗೂ ಕೆಲವು ಸುಳಿವು ಸಿಗುತ್ತವೆ. ನಟ್ಟಿನ ಬುಡದಿಂದ ಹೊರಟ ತುಕ್ಕಿನ ಗೀರು, ಸುತ್ತ ಹೊಳೆಯುವ ಉಂಗುರ, ಬಿರಿದ ಬಣ್ಣ, ಇವೆಲ್ಲ ಒಳಗೆ ಜಾರಾಟ ಶುರುವಾಗಿದೆ ಎಂದು ಹೇಳುತ್ತವೆ. ತೂತು ಅಂಡಾಕಾರಕ್ಕೆ ತಿರುಗಿದ್ದರೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಗಾಲಿಯ ತಟ್ಟೆಯನ್ನೇ ಬದಲಿಸಬೇಕು. ಒಂದು ಬೋಲ್ಟು ಮುರಿದಿದ್ದರೆ ಅದರ ಪಾಲಿನ ಭಾರ ಹೊತ್ತ ಅಕ್ಕಪಕ್ಕದವನ್ನೂ ಜೊತೆಗೇ ಬದಲಿಸಿ.